ಓಟದ ಹಾದಿಯ ಹಿರಿಯರು



ಪ್ರೌಢಶಾಲೆಯ ಹಳೆಯ ಕ್ರೀಡಾಪಟುಗಳನ್ನು ಗೌರವಿಸುವ ಈ ಹೊತ್ತಿನಲ್ಲಿ ಅಮೇರಿಕದ ಕ್ಲೀವ್‌ಲೆಂಡ್ ನಗರದ ಈಸ್ಟ್ ಟೆಕ್ನಿಕಲ್ ಪ್ರೌಢಶಾಲೆ ನಮ್ಮ ನೆನಪಿಗೆ ಬರುತ್ತದೆ. ಅಲ್ಲಿನ ವಿದ್ಯಾರ್ಥಿ ಜೆಸ್ಸಿ ಓವೆನ್ಸ್ 1933ರಲ್ಲಿಯೇ ನೂರು ಗಜಗಳನ್ನು 9.4 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದನು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಗಳಿಸಿದನು. ಊರಿಗೆ ಮರಳಿದ ಆತನ ಮೆರವಣಿಗೆಯನ್ನು ಕಂಡ ಹದಿಮೂರರ ಬಾಲಕ ಹ್ಯಾರಿಸನ್ ಡಿಲ್ಲರ್ಡ್ ಮುಂದೆ ಅದೇ ಶಾಲೆಯಲ್ಲಿ ಓದಿದನು.

ನಮಗಂತೂ ಈ ಎರಡನೆಯವನೇ ಹೆಚ್ಚು ಪ್ರಿಯ. 1948ರಲ್ಲಿ, ತಾನು ನಿಪುಣನಾಗಿದ್ದ ಹರ್ಡಲ್ಸ್‌ನ ಆಯ್ಕೆಯಲ್ಲೇ ತಡೆಗಳಿಗೆ ತಾಗಿ ಓಟವನ್ನು ಮುಗಿಸಲಾರದೆ ಹೋದನು. ನೂರು ಮೀಟರಿನಲ್ಲಿ ಮೂರನೆಯವನಾಗಿ ತಂಡ ಸೇರಿ, ಲಂಡನ್ನಿನಲ್ಲಿ ಅದರಲ್ಲೇ ಸ್ವರ್ಣ ಗೆದ್ದನು. ಹರ್ಡಲ್ಸ್ ಸ್ವರ್ಣಕ್ಕೆ 1952ರ ಹೆಲ್ಸಿಂಕಿಯವರೆಗೆ ಕಾಯಬೇಕಾಯಿತು.

ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಹಳೆಯ ವಿದ್ಯಾರ್ಥಿಗಳೇ, ನೀವು ಗೆದ್ದ ಬಹುಮಾನಗಳ ಪಟ್ಟಿ ನಮ್ಮ ಕೈಯಲ್ಲಿದೆ. ಸೋತ ಓಟಗಳನ್ನು ಕುರಿತು ಈ ಮಕ್ಕಳಿಗೆ ನೀವೇ ಹೇಳಬೇಕು.