ಸಾಹೇಬರಿಗೆ ಶೇರಾ ಬರೆಯುವವರು ಯಾರು?



ಇಂದು ಒಂದೇ ವಿಷಯ ಹಿಡಿದು ಮಾತಾಡುತ್ತೇನೆ. ಅಧಿಕಾರಿ ಶಾಲೆಗೆ ಬರುತ್ತಾರೆ, ಮಾಸ್ತರರ ಕೆಲಸ ನೋಡುತ್ತಾರೆ, ಶೇರಾ ಬರೆದು ಹೋಗುತ್ತಾರೆ. ಆ ಅಧಿಕಾರಿಯ ಕೆಲಸಕ್ಕೆ ಶೇರಾ ಬರೆಯುವವರು ಯಾರು? ಹಳಿಯಾಳದ, ಮುಂಡಗೋಡದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಶಿರಸಿಯಲ್ಲಿ ಕೂತ ಉಪನಿರ್ದೇಶಕರು (ಡಿಡಿಪಿಐ) ನೆಟ್ಟಗೆ ಕೆಲಸ ಮಾಡಿದರೋ ಇಲ್ಲವೋ ಎಂದು ಹೇಳುವ ಹಕ್ಕು ಜೋಯಿಡಾದ ಒಬ್ಬ ತಾಯಿಗೆ ಇದೆಯೇ?

ಕಾಗದದ ಮೇಲೆ ಇಲ್ಲ. ಅಧಿಕಾರಿಯ ಕಾರ್ಯನಿರ್ವಹಣಾ ವರದಿಯನ್ನು ಮೇಲಿನವರು ಬರೆಯುತ್ತಾರೆ, ಅವರ ಮೇಲಿನವರು ಪರಿಶೀಲಿಸುತ್ತಾರೆ. ಹಿಂದೆ ಅದು ಗುಪ್ತ ವರದಿಯಾಗಿತ್ತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವರದಿಯಲ್ಲಿ ಬರೆದದ್ದೆಲ್ಲವನ್ನೂ ನೌಕರನಿಗೆ ತಿಳಿಸಬೇಕು ಎಂದಿತು. ನೌಕರನಿಗೆ ಬಾಗಿಲು ತೆರೆಯಿತು, ಪಾಲಕರಿಗೆ ತೆರೆಯಲಿಲ್ಲ. ಎಲ್ಲ ಕಡೆ ಹೀಗಿಲ್ಲ. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಶಾಲಾ ಮಂಡಳಿಯೇ ತನ್ನ ಜಿಲ್ಲೆಯ ಸೂಪರಿಂಟೆಂಡೆಂಟರನ್ನು ನೇಮಿಸಿಕೊಂಡು, ಅವರ ಕೆಲಸ ಅಳೆದು, ಒಪ್ಪಿಗೆಯಾದರೆ ಕರಾರು ಮುಂದುವರಿಸುತ್ತದೆ. ನಮಗೆ ಇದು ದೂರದ ಮಾತು ಅನ್ನಿಸಬಹುದು. ದೂರದ್ದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಂತೆ ಕನ್ನಡ ಶಾಲೆಗಳು ಸ್ಕೂಲ್ ಬೋರ್ಡಿನ ಕೈಗೆ ಬಂದವು. ಆಡಳಿತಾಧಿಕಾರಿ, ಜನರ ಬಾಯಲ್ಲಿ ಎ.ಒ. ಸಾಹೇಬರು, ಬೋರ್ಡಿನ ಕೆಳಗೆ ಇದ್ದರು. ಮಾಸ್ತರರ ನೇಮಕಾತಿ, ವರ್ಗಾವಣೆಗಳಲ್ಲಿ ಬೋರ್ಡಿನ ರಾಜಕೀಯ ತೂರಿಕೊಂಡಿತೆಂಬ ದೂರು ಬೆಳೆಯಿತು. 1938ರ ತಿದ್ದುಪಡಿ ಆ ಅಧಿಕಾರಿಯನ್ನು ಸರ್ಕಾರದ ನೌಕರನನ್ನಾಗಿ ಮಾಡಿತು. ಏಕೀಕರಣದ ನಂತರ ಬೋರ್ಡುಗಳೂ ಹೋದವು. ಇತಿಹಾಸ ಇಷ್ಟು ಸಾಕು.

ಈಗ ಅಧಿಕಾರಿಯನ್ನು ಅಳೆಯುವ ಗಜಕಡ್ಡಿ ಯಾವುದು? ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ಬರುವ ಜಿಲ್ಲಾವಾರು ಪಟ್ಟಿ. ಶಿರಸಿ ಶೈಕ್ಷಣಿಕ ಜಿಲ್ಲೆ ಎಷ್ಟನೆಯದು, ಹೋದ ವರ್ಷಕ್ಕಿಂತ ಮೇಲೋ ಕೆಳಗೋ, ಅಷ್ಟೇ ಮಾತು. ಈ ಅಂಕಿಯನ್ನು ನಾನು ನಂಬುವುದಿಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೇ? ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡುತ್ತದೆ. ಹತ್ತನೆಯ ತರಗತಿಗೆ ಬಾರದೆ ನಡುವೆಯೇ ಶಾಲೆ ಬಿಟ್ಟ ಗೌಳಿ ಹುಡುಗ, ಸಿದ್ದಿ ಹುಡುಗಿ ಆ ಶೇಕಡಾವಾರಿನಲ್ಲಿ ಎಲ್ಲೂ ಇಲ್ಲ. ಅವರು ಬಿಟ್ಟುಹೋದಷ್ಟೂ ಪಟ್ಟಿ ಚೆಂದ ಕಾಣುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಯ ಕಾಲೊನಿ, ಹಳಿಯಾಳದ ಮರಾಠಿ ಮನೆ, ಜೋಯಿಡಾದ ಕುಣಬಿ ವಾಡೆ, ಇವೆಲ್ಲವನ್ನೂ ಒಂದೇ ಅಂಕಿಯಲ್ಲಿ ಹಿಡಿಯುವುದು ಹೇಗೆ?

ನಾನು ಬಹಳ ಕಾಲದಿಂದ ಹೇಳುತ್ತ ಬಂದದ್ದು ಒಂದಿದೆ. ಅಳತೆಯ ಪುಸ್ತಕ ಪ್ರತಿ ಶಾಲೆಯ ಕಪಾಟಿನಲ್ಲೂ ಇದೆ, ಅದೇ ಶೇರಾ ಬುಕ್ಕು. ಅಧಿಕಾರಿ ಶಾಲೆಯ ಬಗ್ಗೆ ಬರೆಯುವ ಪುಸ್ತಕ ಅದು ಎಂದು ನಾವು ತಿಳಿದಿದ್ದೇವೆ. ವರ್ಷಗಳ ಪುಟಗಳನ್ನು ಸಾಲಾಗಿ ಓದಿ ನೋಡಿ, ಅದರಲ್ಲಿ ಅಧಿಕಾರಿಯೇ ಕಾಣುತ್ತಾರೆ. ಕಾಡಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಂಥದೊಂದು ಪುಸ್ತಕ ನೋಡಿದೆ. ರಟ್ಟು ಗೆದ್ದಲು ಹಿಡಿದಿತ್ತು, ಒಳಗಿನ ಹಾಳೆ ಗಟ್ಟಿಯಿತ್ತು. ‘ಹಾಜರಾತಿ ಸಮಾಧಾನಕರ, ಸ್ವಚ್ಛತೆಗೆ ಗಮನ ಕೊಡತಕ್ಕದ್ದು’ ಎಂಬ ಒಕ್ಕಣೆ, ಕೆಳಗೆ ಬೇರೆ ಬೇರೆ ಸಹಿ. ಸೋರುವ ಹಂಚಿನ ಮಾತು ಒಬ್ಬರಾದ ಮೇಲೊಬ್ಬರು ಬರೆದಿದ್ದಾರೆ, ಹಂಚು ಬದಲಾಗಲಿಲ್ಲ. ಮಳೆಗಾಲದ ನಾಲ್ಕು ತಿಂಗಳ ತಾರೀಖು ಯಾವ ಪುಟದಲ್ಲೂ ಇಲ್ಲ. ಹಳ್ಳ ತುಂಬಿದಾಗ ಯಾರೂ ದಾಟಿ ಬಂದಿಲ್ಲ. ನಡುವೆ ಒಬ್ಬರ ಅಕ್ಷರ ಬೇರೆ. ಮೂರನೆಯ ಇಯತ್ತೆಯ ಒಂದು ಮಗು ಕೊಂಕಣಿಯಲ್ಲಿ ಕತೆ ಹೇಳುತ್ತದೆ, ಕನ್ನಡ ಪುಸ್ತಕ ಹಿಡಿದರೆ ತಡವರಿಸುತ್ತದೆ ಎಂದು ಬರೆದು, ಏನು ಮಾಡಬೇಕೆಂದು ಮಾಸ್ತರರಿಗೆ ನಾಲ್ಕು ಸಾಲು ಸೂಚಿಸಿದ್ದಾರೆ. ಮುಂದಿನ ಭೇಟಿಯಲ್ಲಿ ಅದೇ ಮಗುವನ್ನು ಓದಿಸಿ ಮತ್ತೆ ಬರೆದಿದ್ದಾರೆ. ಆ ಅಧಿಕಾರಿಗೆ ಇದಕ್ಕಿಂತ ದೊಡ್ಡ ಕಾರ್ಯನಿರ್ವಹಣಾ ವರದಿ ಬೇಕೆ?

ನನಗೆ ಕಲಿಸಿದ ಮಾಸ್ತರರೊಬ್ಬರಿದ್ದರು. ತಪಾಸಣೆಯ ದಿನ ಎಲ್ಲರೂ ಜಾಣ ಹುಡುಗರನ್ನು ಮುಂದೆ ಕೂಡಿಸಿದರೆ ಅವರು ತಡವರಿಸುವವರನ್ನು ಮುಂದೆ ಕೂಡಿಸುತ್ತಿದ್ದರು. ಬಲ್ಲವರನ್ನು ಓದಿಸಿ ಕೇಳುವುದಕ್ಕೆ ಸಾಹೇಬರು ಇಷ್ಟು ದೂರ ಬರಬೇಕೇ ಎನ್ನುತ್ತಿದ್ದರು. ಅದಕ್ಕೆ ಅವರಿಗೆ ಒಳ್ಳೆಯ ಶೇರಾ ಸಿಗಲಿಲ್ಲ. ಹಿಂದಿನ ಕಾಲದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕತೆಗಳನ್ನು ನಾವು ಮೊದಲು ಕೇಳಿದ್ದು ಅವರ ಬಾಯಿಂದಲೇ. ಚನ್ನಬಸಪ್ಪನವರ ಮೇಲಿನವರು ಏನು ವರದಿ ಬರೆದರೋ ಯಾರಿಗೂ ನೆನಪಿಲ್ಲ. ಈ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಅವರು ಪಟ್ಟ ಪಾಡು ನೆನಪಿದೆ.

ಹಾಗಾದರೆ ಶೇರಾ ಬುಕ್ಕನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿಟ್ಟು ಅಧಿಕಾರಿಯ ಬಗ್ಗೆ ಅಭಿಪ್ರಾಯ ಬರೆಸಬಹುದಲ್ಲ ಎನ್ನುತ್ತೀರಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿಂದೆಯೇ 2001ರಲ್ಲಿ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಹೆಂಗಸರು ಇರಬೇಕೆಂದಿತು. ಶಾಲೆಯ ಮೇಲ್ವಿಚಾರಣೆ ಅವರ ಕೆಲಸ ಎಂದಿತು. ಶಾಲೆಯ ಮೇಲಿರುವ ಅಧಿಕಾರಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಜಿಲ್ಲಾ ಪಂಚಾಯತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದೆ. ಆದರೆ 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ.

ಇಲ್ಲಿಗೆ ಬಂದು ನಾನು ನಿಲ್ಲುತ್ತೇನೆ. ಎಸ್‌ಡಿಎಂಸಿಯ ಕಾರ್ಯದರ್ಶಿ ಮುಖ್ಯಾಧ್ಯಾಪಕರು, ಠರಾವು ಬರೆಯುವವರೂ ಅವರೇ, ಅವರ ಮೇಲಧಿಕಾರಿ ಬಿಇಒ. ಸಾಹೇಬರು ಎರಡು ವರ್ಷ ಈ ಕಡೆ ಮುಖ ಹಾಕಲಿಲ್ಲ ಎಂದು ಕುಣಬಿ ತಾಯಿಯೊಬ್ಬಳು ಕೊಂಕಣಿಯಲ್ಲಿ ಹೇಳಿದರೆ ಅದು ಠರಾವಿನಲ್ಲಿ ಯಾವ ಕನ್ನಡವಾಗಿ ಇಳಿದೀತು? ಬರೆಯುವ ಕೈಯನ್ನು ಬೇರೆ ಯಾರಿಗೆ ಕೊಡಬೇಕು? ಊರ ರಾಜಕೀಯಕ್ಕೆ ಕೊಟ್ಟರೆ 1938ರ ದೂರು ಮತ್ತೆ ಎದ್ದು ಬರುವುದಿಲ್ಲವೇ? ಪ್ರಭಾರ ಹೊತ್ತು ಎರಡು ಕುರ್ಚಿ ನೋಡಿಕೊಳ್ಳುವ ಅಧಿಕಾರಿ ಹಳ್ಳ ದಾಟಿ ಬರಲಿಲ್ಲವೆಂದರೆ ಆ ಶೇರಾ ಅವರ ಹೆಸರಿಗೋ, ಆ ಹುದ್ದೆ ಖಾಲಿ ಬಿಟ್ಟವರ ಹೆಸರಿಗೋ? ಪಾಲಕರೇ ಬರೆಯಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ಹೇಗೆ ಬರೆಸಬೇಕು, ನೀವೇ ಹೇಳಿ.