ದೇವಭಯವೂ ವಿಧೇಯತೆಯೂ
(ಶತಮಾನೋತ್ಸವದ ಧ್ಯಾನಕೂಟದಲ್ಲಿ ವಿಚಾರಣಾ ಗುರುಗಳು ನೀಡಿದ ಪ್ರಬೋಧನೆ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಗೋಡೆಗಳಿಗೆ ಸುಣ್ಣಬಣ್ಣವಾಗಿದೆ, ಬಲಿಪೀಠ ಪುಷ್ಪಾಲಂಕೃತವಾಗಿದೆ. ಇವೆಲ್ಲವೂ ಯೋಗ್ಯವೇ. ಆದರೆ ಈ ಪೀಠದ ಮುಂದೆ ಮೊಣಕಾಲೂರುವ ನಾವು, ದೇವರ ಚಿತ್ತವು ನಮ್ಮ ಇಚ್ಛೆಗೆ ವಿರುದ್ಧವಾಗಿ ಬಂದಾಗಲೂ ತಲೆಬಾಗುವೆವೇ? ದ್ರಾಕ್ಷಿತೋಟಕ್ಕೆ ಹೋಗುವೆನೆಂದು ತಂದೆಗೆ ವಿನಯದಿಂದ ನುಡಿದು ಹೋಗದೆ ಉಳಿದ ಮಗನ ಸಾಮತಿಯನ್ನು ಪ್ರಭು ಯೇಸು ಹೇಳಿದ್ದು ಪರಕೀಯರಿಗಲ್ಲ. ದೇವಾಲಯದಲ್ಲೇ ಇದ್ದ ಮುಖ್ಯ ಯಾಜಕರಿಗೆ ಹಾಗೂ ಪ್ರಜಾಪ್ರಮುಖರಿಗೆ. ಗುರುಗಳಾದ ನಾವೂ ಅದನ್ನು ನಡುಕದಿಂದಲೇ ಓದಬೇಕು.

ಈ ವಿಷಯದಲ್ಲಿ ನಮಗೆ ಸಂತ ಜೋಸೆಫ್ ವಾಜರಿಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಶ್ರೀಲಂಕೆಯ ಪ್ರೇಷಿತರೆಂದು ಅವರು ಜಗತ್ಪ್ರಸಿದ್ಧರು. ಅದಕ್ಕೂ ಮೊದಲು ಅವರು ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದುದನ್ನು ನಮ್ಮಲ್ಲಿ ಅನೇಕರು ಅರಿಯರು. 1651ರಲ್ಲಿ ಗೋವೆಯಲ್ಲಿ ಜನಿಸಿದ ಅವರು ಗುರುದೀಕ್ಷೆ ಪಡೆದ ಬಳಿಕ, 1677ರಲ್ಲಿ, ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಸಮರ್ಪಿಸಿಕೊಂಡರು. ಲಂಕೆಗೆ ಹೋಗಬೇಕೆಂಬುದು ಅವರ ಹಂಬಲ. ಮೇಲಧಿಕಾರಿಗಳು 1681ರಲ್ಲಿ ಕಳುಹಿಸಿದ್ದು ಕೆನರಾಕ್ಕೆ. ಅವರು ಹೊರಟರು.

ಇಲ್ಲಿ ಅವರಿಗಾಗಿ ಕಾದಿದ್ದದ್ದು ಧರ್ಮಸಭೆಯೊಳಗಿನ ಜಗಳ. ರೋಮಿನಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಾಸ್ ದೆ ಕಾಸ್ತ್ರೊರವರ ಅಧಿಕಾರವನ್ನು, ಪೋರ್ಚುಗಲ್ ಅರಸರಿಗಿದ್ದ ಪದ್ರವಾದೊ ಹಕ್ಕಿನ ನಿಮಿತ್ತ, ಗೋವೆಯವರು ಒಪ್ಪಿರಲಿಲ್ಲ. ವಿಶ್ವಾಸಿಗಳಲ್ಲಿ ಎರಡು ಪಕ್ಷಗಳಾದವು. ಯಾವ ಗುರುವಿನಿಂದ ಸಂಸ್ಕಾರ ಪಡೆದರೆ ಅದು ಸಿಂಧು ಎಂದು ತಿಳಿಯದೆ ಬಡಜನರು ಕಳವಳಪಟ್ಟರು. (ಹಬ್ಬದ ಮೆರವಣಿಗೆಯಲ್ಲಿ ಛತ್ರಿ ಹಿಡಿಯುವ ಸರದಿಗಾಗಿ ನಮ್ಮಲ್ಲೇಳುವ ಮನಸ್ತಾಪಗಳು ಇದರ ಮುಂದೆ ಎಷ್ಟರವು!) ಗೋವೆಯಿಂದ ಬಂದ ವಾಜರು ಒಂದು ಪಕ್ಷದ ನಾಯಕರಾಗುವುದು ಸುಲಭವಿತ್ತು. ಹಾಗಾಗಲಿಲ್ಲ. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಅವರು ಆ ಧರ್ಮಾಧ್ಯಕ್ಷರನ್ನು ಪೂಜ್ಯಭಾವದಿಂದ ಕಂಡರು, ಸಮಾಧಾನಕ್ಕಾಗಿ ಶ್ರಮಿಸಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಕುರುಬನಿಲ್ಲದ ಮಂದೆಯಂತಿದ್ದ ಜನರಿಗೆ ಸಂಸ್ಕಾರಗಳನ್ನಿತ್ತರು. ವಿಧೇಯತೆಯೆಂದರೆ ಬುದ್ಧಿಯನ್ನು ಒತ್ತೆಯಿಡುವುದೆಂದು ಆಡಿಕೊಳ್ಳುವವರಿದ್ದಾರೆ. ಎರಡು ಅಧಿಕಾರಗಳ ನಡುವೆ ಒಂದು ಆತ್ಮವೂ ಕೆಡದಂತೆ ನಡೆದುಕೊಳ್ಳಲು ಎಂಥ ವಿವೇಕ ಬೇಕಾಗಿದ್ದಿರಬೇಕು!

ಲಂಕೆ ಅವರಿಗೆ ದಕ್ಕಿದ್ದು 1687ರಲ್ಲಿ. ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದ್ದರಿಂದ ಅವರು ಕೂಲಿಯವನ ವೇಷದಲ್ಲಿ ಹೋಗಿ, ಜಾಫ್ನಾದಲ್ಲಿ ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ನಿಂತರು. ಜಪಸರವನ್ನು ಕಂಡು ಯಾರ ಮುಖ ಅರಳುವುದೋ ಅವರು ಗುಪ್ತ ವಿಶ್ವಾಸಿಗಳೆಂದು ಗುರುತಿಸುತ್ತಿದ್ದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಗೆ ಹಾಕಿದಾಗ, ಆ ಬಿಡುವಿನಲ್ಲಿ ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಅವರ ಬಂಧುಗಳೇ ತೊರೆದಾಗ, ಮತಭೇದವೆಣಿಸದೆ ಆರೈಕೆ ಮಾಡಿದರು. 1711ರಲ್ಲಿ ಕ್ಯಾಂಡಿಯಲ್ಲೇ ದೈವಾಧೀನರಾದ ಅವರನ್ನು ಜಗದ್ಗುರು ಫ್ರಾನ್ಸಿಸ್‌ರವರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತ ಪದವಿಗೇರಿಸಿದರು.

ಪ್ರಿಯರೇ, ನಮ್ಮ ವಿಚಾರಣೆಯಲ್ಲಿ ಬೇಲಿಯ ಗೆರೆಗಾಗಿ, ಹಿರಿಯರ ಆಸ್ತಿಯ ಪಾಲಿಗಾಗಿ ಮಾತು ನಿಂತಿರುವ ಮನೆಗಳುಂಟು. ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದೊಡನೆ ಬೇರೆ ಬೇರೆ ದಾರಿ ಹಿಡಿಯುವ ಅಣ್ಣತಮ್ಮಂದಿರುಂಟು. ಕ್ಷಮಿಸಿರೆಂಬ ಪ್ರಭುವಿನ ಆಜ್ಞೆ ಅವರಿಗೆ ತಿಳಿಯದ್ದೇನಲ್ಲ. ಹಬ್ಬದ ಮುನ್ನಾದಿನ ಸಂಜೆ ಪಾಪನಿವೇದನೆಗಾಗಿ ನಾವು ದೇವಾಲಯದಲ್ಲಿ ಕುಳಿತಿರುವೆವು. ಅಂಥವರು ಮೊದಲು ಅಂಗಳದಲ್ಲಿ ಪರಸ್ಪರ ಮಾತನಾಡಿ ಒಳಗೆ ಬರಲಿ. ಎಷ್ಟು ಹೊತ್ತಾದರೂ ಕಾಯಲು ನಮಗೆ ಬೇಸರವಿಲ್ಲ.