ಎರಡನೆಯ ಸಂಪುಟದ ಕಷ್ಟ

ಮೊದಲ ಕೃತಿಯಿಂದಲೇ ಹೆಸರಾದವರಿಗೆ ಎರಡನೆಯ ಕೃತಿ ಒಂದು ಗಂಡಾಂತರ. ಕವಿಗಳಿಗೂ ಕಾದಂಬರಿಕಾರರಿಗೂ ಇದು ಗೊತ್ತಿರುವ ಸಂಗತಿಯೇ. ಮೊದಲನೆಯದನ್ನು ರಚಿಸುವಾಗ ಯಾರೂ ಕಾಯುತ್ತಿರುವುದಿಲ್ಲ. ಐದು ವರ್ಷವೋ ಆರು ವರ್ಷವೋ, ತಿದ್ದುತ್ತ, ಹರಿದುಹಾಕುತ್ತ, ಸಾವಕಾಶವಾಗಿ ಕೆಲಸ ಮಾಡಬಹುದು. ಎರಡನೆಯದಕ್ಕೆ ಆ ಏಕಾಂತ ದೊರೆಯುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ನಾಲ್ವರು ಸಂಗೀತಗಾರರ ಪಾಲಿಗೆ ಇದು ಹೇಗೆ ಒದಗಿಬಂತೆಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅವರ ಮೇಳದ ಹೆಸರು ದಿ ಸ್ಟೋನ್ ರೋಸಸ್, ಎಂದರೆ ಕಲ್ಲಿನ ಗುಲಾಬಿಗಳು.

ಇವರನ್ನು 'ಇಂಡಿ ರಾಕ್' ಮೇಳದವರೆಂದು ಕರೆಯುವುದು ವಾಡಿಕೆ. ವಿಜಯಪುರ ಜಿಲ್ಲೆಯ ನಮ್ಮ ಇಂಡಿಗೂ ಇದಕ್ಕೂ ಯಾವ ನಂಟೂ ಇಲ್ಲ. 'ಇಂಡಿಪೆಂಡೆಂಟ್' ಎಂಬ ಮಾತನ್ನು ಮೊಟಕು ಮಾಡಿ 'ಇಂಡಿ' ಎಂದರು. ದೊಡ್ಡ ಕಂಪನಿಗಳ ಆಸರೆಯಿಲ್ಲದೆ, ಸಣ್ಣ ಸ್ವತಂತ್ರ ಕಂಪನಿಗಳ ಮೂಲಕ ಹಾಡುಗಳನ್ನು ಹೊರತಂದವರಿಗೆ ಮೊದಲು ಆ ಹೆಸರು ಬಂತು. ಬರಬರುತ್ತ ಅದು ಒಂದು ಬಗೆಯ ಗೀತಶೈಲಿಗೇ ಹೆಸರಾಯಿತು.

ಗಾಯಕ ಇಯನ್ ಬ್ರೌನ್, ಗಿಟಾರ್ ನುಡಿಸುವ ಜಾನ್ ಸ್ಕ್ವೈರ್, ಬೇಸ್ ಗಿಟಾರಿನ ಮ್ಯಾನಿ, ಡ್ರಮ್ಸ್ ಬಾರಿಸುವ ರೆನಿ: ಈ ನಾಲ್ವರ ಮೊದಲ ಸಂಪುಟ 1989ರಲ್ಲಿ ಹೊರಬಂತು. ಮೇಳ ಹುಟ್ಟಿ ಆಗಲೇ ಆರು ವರ್ಷವಾಗಿತ್ತು. ಮೊದಲ ಹಾಡು ಆರಾಧನೆ ಬೇಕೆಂಬ ಹಂಬಲದ್ದು. ಕೊನೆಯದರ ಹೆಸರು 'ಐ ಆಮ್ ದಿ ರೆಸರೆಕ್ಷನ್', ನಾನೇ ಪುನರುತ್ಥಾನ ಎಂಬ ಉದ್ಧಟ ಘೋಷಣೆ. ಉದ್ಧಟತನವೇನೋ ಹೌದು, ಆದರೆ ಅದಕ್ಕೆ ತಕ್ಕ ಸಂಗೀತವೂ ಇತ್ತು. 1990ರ ಮೇ 27ರಂದು ಸ್ಪೈಕ್ ಐಲೆಂಡ್ ಎಂಬಲ್ಲಿ ಇವರನ್ನು ಕೇಳಲು ಸುಮಾರು 27,000 ಜನ ಸೇರಿದರು.

ಆಮೇಲೆ ಏನಾಯಿತು? ಏನೂ ಆಗಲಿಲ್ಲವೆಂದೇ ಹೇಳಬೇಕು. ಸಿಲ್ವರ್‌ಟೋನ್ ಕಂಪನಿಯೊಡನೆ ಮಾಡಿಕೊಂಡಿದ್ದ ಕರಾರಿನಿಂದ ಬಿಡಿಸಿಕೊಳ್ಳಲು ಮೇಳದವರು ಹೊರಟರು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯ ನಡೆಯುವಷ್ಟು ಕಾಲ ಹೊಸ ಧ್ವನಿಮುದ್ರಣ ಮಾಡುವಂತಿರಲಿಲ್ಲ. 1991ರ ಮೇ ತಿಂಗಳಲ್ಲಿ ತೀರ್ಪು ಮೇಳದ ಪರವಾಗಿ ಬಂತು. ಗೆಫೆನ್ ಎಂಬ ಅಮೆರಿಕನ್ ಕಂಪನಿ ದೊಡ್ಡ ಮೊತ್ತ ಕೊಟ್ಟು ಇವರನ್ನು ಕರೆದುಕೊಂಡಿತು. ಇನ್ನು ಹಾಡುವುದೊಂದೇ ಬಾಕಿ. ಆದರೆ ಹಾಡು ಮುಗಿಯಲೊಲ್ಲದು! ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ತಿಂಗಳ ಮೇಲೆ ತಿಂಗಳು ಉರುಳಿತು. ಮೊದಲ ಸಂಪುಟವನ್ನು ರೂಪಿಸಿದ್ದ ನಿರ್ಮಾಪಕ ಜಾನ್ ಲೆಕಿ ನಡುವೆಯೇ ಕೈಬಿಟ್ಟು ಹೊರಟರು. ಕೆಲಸ ಮುಗಿಸಲು ಬೇರೆಯವರು ಬರಬೇಕಾಯಿತು.

ಕೊನೆಗೆ 1994ರ ಡಿಸೆಂಬರಿನಲ್ಲಿ, ಐದೂವರೆ ವರ್ಷಗಳ ಮೇಲೆ, ಎರಡನೆಯ ಸಂಪುಟ ಬಂತು. ಅದಕ್ಕೆ ಇಟ್ಟ ಹೆಸರಾದರೂ ಏನು? 'ಸೆಕೆಂಡ್ ಕಮಿಂಗ್'. ಯೇಸುಕ್ರಿಸ್ತನು ಮತ್ತೆ ಬರುವನೆಂಬ ಕ್ರೈಸ್ತರ ನಂಬಿಕೆಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು. ತಮಾಷೆಗೆ ಇಟ್ಟದ್ದಿರಬಹುದು, ಆದರೆ ವಿಮರ್ಶಕರ ಕೈಗೆ ತಾವೇ ಕೋಲು ಕೊಟ್ಟಂತಾಯಿತು. ಸಾಲದುದಕ್ಕೆ, ಬಿಡುಗಡೆಯ ಹೊತ್ತಿನ ಸಂದರ್ಶನವನ್ನು ಯಾವ ಸಂಗೀತ ವಾರಪತ್ರಿಕೆಗೂ ಕೊಡಲಿಲ್ಲ. ಕೊಟ್ಟದ್ದು 'ದಿ ಬಿಗ್ ಇಷ್ಯೂ' ಪತ್ರಿಕೆಗೆ; ಮನೆಮಠವಿಲ್ಲದವರು ಬೀದಿಯಲ್ಲಿ ಮಾರಿ ಹೊಟ್ಟೆ ಹೊರೆಯಲೆಂದು 1991ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪತ್ರಿಕೆ ಅದು. ಇದು ಒಳ್ಳೆಯ ಕೆಲಸವೆಂದೇ ನನ್ನ ಎಣಿಕೆ. ಐದು ವರ್ಷ ಬಾಗಿಲಲ್ಲಿ ಕಾದು ನಿಂತ ಸಂಗೀತ ಪತ್ರಕರ್ತರಿಗೆ ಹಾಗೆನ್ನಿಸಲಿಲ್ಲ.

ವಿಮರ್ಶೆಗಳು ಬಹುಮಟ್ಟಿಗೆ ತಣ್ಣಗಿದ್ದವು. ಗಿಟಾರ್ ಅತಿಯಾಯಿತು, ಹಾಡುಗಳು ಉದ್ದವಾದವು, 1970ರ ದಶಕದ ಲೆಡ್ ಜೆಪ್ಪೆಲಿನ್ ಮೇಳದ ನೆರಳು ಬಿದ್ದಿದೆ, ಹಿಂದಿನ ಹಗುರ ನಡೆ ಮಾಯವಾಗಿದೆ ಎಂಬವು ಮುಖ್ಯ ಆಕ್ಷೇಪಣೆಗಳು. ಇವು ಸುಳ್ಳಲ್ಲ. ಮೊದಲ ಸಂಪುಟದ ಹಾಡುಗಳನ್ನು ಬ್ರೌನ್ ಮತ್ತು ಸ್ಕ್ವೈರ್ ಕೂಡಿ ಕಟ್ಟಿದ್ದರು. ಇದರಲ್ಲಿ ಹೆಚ್ಚಿನವು ಸ್ಕ್ವೈರ್ ಒಬ್ಬರವೇ, ಆದ್ದರಿಂದ ಗಿಟಾರಿನದೇ ದರ್ಬಾರು. ಮೊದಲನೆಯ ಹಾಡು 'ಬ್ರೇಕಿಂಗ್ ಇಂಟು ಹೆವನ್' ಹನ್ನೊಂದು ನಿಮಿಷಕ್ಕೂ ಮೀರಿದ್ದು. ನೀರಿನ ಸದ್ದು, ಹಕ್ಕಿಗಳ ಸದ್ದು, ಅಲ್ಲೊಂದು ಇಲ್ಲೊಂದು ತಂತಿಯ ಮಿಡಿತ ಎಂದು ನಾಲ್ಕು ನಿಮಿಷ ಕಳೆದ ಮೇಲಷ್ಟೇ ಹಾಡು ಶುರುವಾಗುತ್ತದೆ. ಐದು ವರ್ಷ ಕಾದವನನ್ನು ಇನ್ನೂ ನಾಲ್ಕು ನಿಮಿಷ ಕಾಯಿಸುವುದೆಂದರೆ!

ಆದರೆ ಒಂದು ಮಾತು ಕೇಳಿ. ಇವೇ ಹನ್ನೆರಡು ಹಾಡುಗಳು 1991ರಲ್ಲಿ ಬಂದಿದ್ದರೆ ತೀರ್ಪು ಇದೇ ಆಗುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ವಿಮರ್ಶಕರು ಕಿವಿಯ ಜೊತೆಗೆ ಕ್ಯಾಲೆಂಡರನ್ನೂ ಹಿಡಿದು ಕೂತಿದ್ದರು. ಐದು ವರ್ಷದ ಬೆಲೆಗೆ ಇಷ್ಟೇ ಸರಕೇ ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಪೇಟೆಯೂ ಬದಲಾಗಿತ್ತು: ಅದೇ 1994ರಲ್ಲಿ ಬ್ಲರ್ ಮೇಳದ 'ಪಾರ್ಕ್‌ಲೈಫ್' ಬಂತು, ಸ್ಟೋನ್ ರೋಸಸ್‌ರನ್ನು ಕೇಳಿ ಬೆಳೆದ, ಅವರದೇ ಊರಿನ ಓಯಸಿಸ್ ಮೇಳದ ಮೊದಲ ಸಂಪುಟವೂ ಬಂತು. ಗುರು ಹಿಂದಿರುಗುವ ಹೊತ್ತಿಗೆ ಶಿಷ್ಯರು ಗದ್ದುಗೆಯ ಮೇಲಿದ್ದರು. ವಿಚಿತ್ರವೆಂದರೆ, ಇಂದು ಶ್ರೇಷ್ಠವೆನ್ನಿಸಿಕೊಳ್ಳುವ ಮೊದಲ ಸಂಪುಟ ಆ ದಿನಗಳಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕಿಂತ ಮೇಲೇರಿರಲಿಲ್ಲ. ಸೋತಿತೆಂದು ಹೇಳುವ ಎರಡನೆಯದು 4ನೆಯ ಸ್ಥಾನ ಮುಟ್ಟಿತು.

ಮೇಳಕ್ಕೆ ಮಾತ್ರ ಆ ಪೆಟ್ಟು ತಡೆಯಲಾಗಲಿಲ್ಲ. 1995ರಲ್ಲಿ ರೆನಿ ಬಿಟ್ಟುಹೋದರು. ಆ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಮುಖ್ಯ ಕಛೇರಿ ಇವರದಾಗಬೇಕಿತ್ತು. ಸ್ಕ್ವೈರ್ ಸೈಕಲ್ಲಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡದ್ದರಿಂದ ಆ ಅವಕಾಶ ಪಲ್ಪ್ ಎಂಬ ಮೇಳಕ್ಕೆ ಹೋಯಿತು. 1996ರಲ್ಲಿ ಸ್ಕ್ವೈರ್ ಕೂಡ ಹೊರನಡೆದರು. ಅದೇ ವರ್ಷ ಮೇಳ ಮುಚ್ಚಿತು. ನಾಲ್ವರೂ ಮತ್ತೆ ಕೂಡಿ 2012ರಲ್ಲಿ ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ಮೂರು ದಿನ ಹಾಡಿದಾಗ 2,20,000 ಟಿಕೆಟುಗಳು ಸುಮಾರು ಒಂದು ಗಂಟೆಯಲ್ಲಿ ಖರ್ಚಾಗಿದ್ದವು. ಮೂರನೆಯ ಸಂಪುಟ ಬರಲೇ ಇಲ್ಲ. 2016ರಲ್ಲಿ ಎರಡು ಬಿಡಿ ಹಾಡುಗಳು ಬಂದವು, ಅಷ್ಟೇ.

ನಿಮಗೆ ಈ ಸಂಪುಟ ಕೇಳುವ ಮನಸ್ಸಾದರೆ ಒಂದು ಸಲಹೆ. ಮೊದಲ ಹಾಡಿನಿಂದ ಆರಂಭಿಸಬೇಡಿ. 'ಟೆನ್ ಸ್ಟೋರಿ ಲವ್ ಸಾಂಗ್' ಎಂಬುದನ್ನು ಮೊದಲು ಹಾಕಿ. ಹಳೆಯ ಇಂಪು ಅದರಲ್ಲಿ ಉಳಿದಿದೆ. ಅನಂತರ ಗಿಟಾರಿನ ಅಬ್ಬರ ತಗ್ಗಿಸಿ, ಹಲವು ಕಂಠಗಳು ಕೂಡಿ ಹಾಡುವ 'ಟೈಟ್‌ರೋಪ್'. ಇವೆರಡೂ ಹಿಡಿಸಿದರೆ ಹನ್ನೊಂದು ನಿಮಿಷದ ಆ ಹಾಡಿಗೆ ಹೋಗಿ. ಹಕ್ಕಿಗಳ ಸದ್ದು ಮುಗಿಯುವವರೆಗೆ ಒಂದು ಲೋಟ ಕಾಫಿ ಕುಡಿಯಲು ಬಿಡುವಿರುತ್ತದೆ.